ಹಲಗೆಯ ತುದಿಯ ಹುಂಜ

ನಿನ್ನ ಕೈಯಲ್ಲಿ ಕಾಳು ತಿಂದದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೊಯ್ಯುವುದಿಲ್ಲ ಎಂದು ರಾಜೀವ್ ಮದುವೆಗೆ ಮೊದಲು ಸೌಮ್ಯಳಿಗೆ ಮಾತು ಕೊಟ್ಟಿದ್ದ. ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ, ಮೂಲೆಯ ಟೇಬಲ್ಲಿನಲ್ಲಿ ಕೂತು, ಒಳಗೆ ಬಂದವರು ಪರಿಚಯದವರೇನೋ ಎಂದು ಆಗಾಗ ತಿರುಗಿ ನೋಡುತ್ತ ಕೊಟ್ಟ ಮಾತು. ವಸ್ತಾರೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಲಿಂಗಾಯತರ ಮನೆಯ ಹುಡುಗಿ ಸಂಸೆ ಕಡೆಯ ಗೌಡರ ಮನೆಗೆ ಬರುವಾಗ ಇನ್ನೂ ಏನೇನೋ ಕೇಳಬಹುದಿತ್ತು. ಬೇರೆ ಒಲೆ ಕೇಳಬಹುದಿತ್ತು, ಬೇರೆ ಪಾತ್ರೆ ಕೇಳಬಹುದಿತ್ತು. ಅವನೂ ಅದಕ್ಕೆಲ್ಲ ತಯಾರಾಗಿಯೇ ಬಂದಿದ್ದ. ಅವಳು ತಟ್ಟೆಯಲ್ಲಿ ಉಳಿದಿದ್ದ ಚಟ್ನಿಯನ್ನು ಬೆರಳಲ್ಲಿ ಗೀರುತ್ತ, "ನೀವು ಎಂತ ಬೇಕಾದ್ರೂ ತಿನ್ನಿ, ನಾನು ಮೂಗು ಮುಚ್ಕೊಳಲ್ಲ. ನಾನು ಸಾಕಿದ್ದನ್ನ ಮಾತ್ರ ಕೊಯ್ಬೇಡಿ" ಎಂದಿದ್ದಳು. ಅಷ್ಟೇನಾ ಎಂದು ಅವನಿಗೆ ನಗು ಬಂದಿತ್ತು. ಅಷ್ಟು ಸಲೀಸಾಗಿ ಪಾರಾದೆನಲ್ಲ ಎಂಬ ಸಮಾಧಾನದ ನಗು ಅದಾಗಿತ್ತು ಎಂದು ಈಗ, ಜನವರಿಯ ಈ ಮಂಜಿನ ಬೆಳಿಗ್ಗೆ, ಕೊಟ್ಟಿಗೆಯ ಬಾಗಿಲ ಅಗಳಿ ತೆಗೆಯುವಾಗ ಅವನಿಗೆ ಅನ್ನಿಸಿತು.

ಕೊಟ್ಟಿಗೆಯಲ್ಲಿ ದನಗಳಿರಲಿಲ್ಲ. ಹುಲ್ಲು ಕೊಯ್ಯುವವರು ಸಿಗದೆ, ಅಮ್ಮನ ಮಂಡಿ ನೋವು ಹೆಚ್ಚಾಗಿ, ಮಳೆಗಾಲಕ್ಕೆ ಮೊದಲೇ ಹಸುಗಳನ್ನು ಕಳಸದ ಕಡೆಯವರಿಗೆ ಕೊಟ್ಟಾಗಿತ್ತು. ಕೋಳಿಗಳು ಮಾತ್ರ ಹಳೆಯ ರೂಢಿಯಂತೆ ಸಂಜೆಯಾದರೆ ಇಲ್ಲಿಗೇ ಬಂದು, ಗೋದಲಿಯ ಮೇಲೆ ಅಡ್ಡ ಕಟ್ಟಿದ್ದ ಬಿದಿರು ಗಳದ ಮೇಲೆ ಸಾಲಾಗಿ ಕೂರುತ್ತಿದ್ದವು. ಅಪ್ಪನ ಕಾಲದಲ್ಲಿ ಕೋಳಿಗೆ ಚಳಿಯಾಗುತ್ತದೆ ಎಂಬ ಮಾತೇ ಆ ಮನೆಯಲ್ಲಿ ಬಂದಿರಲಿಲ್ಲ. ಕೆಳಗೆ ದನ ಮಲಗುತ್ತಿದ್ದವು. ಅವುಗಳ ಮೈಯ ಕಾವು, ಉಸಿರಿನ ಕಾವು, ತುಳಿದ ಸೊಪ್ಪಿನ ಕಾವು ರಾತ್ರಿಯಿಡೀ ಮೇಲೇರಿ ಗಳದ ಮೇಲಿನ ಸಾಲನ್ನು ಬೆಚ್ಚಗಿಡುತ್ತಿತ್ತು. ಅದೊಂದು ಏರ್ಪಾಡು ಎಂದು ಯಾರಿಗೂ ಹೊಳೆದಿರಲಿಲ್ಲ. ದನ ಹೋದ ಮೇಲೆ ಇದು ಮೊದಲ ಚಳಿಗಾಲ. ಡಿಸೆಂಬರಿನಲ್ಲಿ ಕುದುರೆಮುಖದ ಗುಡ್ಡದ ಕಡೆಯಿಂದ ಗಾಳಿ ತಿರುಗಿದ ವಾರ ಎರಡು ಹೇಂಟೆಗಳು ಬೆಳಿಗ್ಗೆ ಗಳದ ಕೆಳಗೆ ಸೆಟೆದು ಬಿದ್ದಿದ್ದವು. ಅಮ್ಮ ರೋಗ ಎಂದಳು. ಸೌಮ್ಯ ಒಂದನ್ನು ಕೈಗೆತ್ತಿಕೊಂಡು ಅದರ ಕಾಲುಗಳನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಕೆಲಸ ಶುರುಮಾಡಿದ್ದಳು. ಗಾಳಿ ಬರುವ ಕಡೆಗೆ ಕಾಫಿಯ ಹಳೇ ಗೋಣಿಚೀಲ ಬಿಚ್ಚಿ ಹೊಲಿದು ಪರದೆ ಕಟ್ಟಿದಳು. ಪೂರ್ತಿ ಮುಚ್ಚಿದ ದಿನ ಹಿಕ್ಕೆಯ ಘಾಟಿಗೆ ತನಗೇ ಕಣ್ಣುರಿ ಬಂತೆಂದು ಮಾರನೆಯ ದಿನ ಮೇಲ್ಗಡೆ ಒಂದು ಗೇಣು ಬಿಟ್ಟಳು. ದುಂಡನೆಯ ಗಳವನ್ನು ತೆಗೆಸಿ ಅಗಲದ ಹಲಗೆ ಹೊಡೆಸಿದಳು. ಹಲಗೆಯಾದರೆ ಕೋಳಿ ಬೆರಳು ಬಿಚ್ಚಿ ಕೂತು ಎದೆಯ ಪುಕ್ಕದಲ್ಲಿ ಕಾಲು ಮುಚ್ಚಿಕೊಳ್ಳುತ್ತದಂತೆ, ಗಳವಾದರೆ ಬೆರಳು ಹೊರಗೇ ಉಳಿಯುತ್ತದಂತೆ. ನೆಲಕ್ಕೆ ಮಿಲ್ಲಿನಿಂದ ತಂದ ಕಾಫಿ ಹೊಟ್ಟನ್ನು ದಪ್ಪಗೆ ಹರವಿದಳು. ಹಲಗೆ ಹೊಡೆದವನು ಅವನೇ. ಹೊಡೆಯುವಾಗ, ಮೊಳೆ ಕಚ್ಚಿಕೊಂಡ ಬಾಯಲ್ಲಿ, ಕೋಳಿಗೆ ಮಂಚ ಮಾಡಿಕೊಡುತ್ತಿದ್ದೇನೆ ಎಂದು ಗೊಣಗಿದ್ದ. ಅವಳು ನಕ್ಕಿರಲಿಲ್ಲ.

ಕೆಂಡ ಇಡುವುದನ್ನೂ ಅವಳೇ ಕಂಡುಕೊಂಡಿದ್ದಳು. ಬಚ್ಚಲೊಲೆಯ ಕೆಂಡವನ್ನು ಕಬ್ಬಿಣದ ಬಾಂಡ್ಲಿಗೆ ಹಾಕಿ, ಮೇಲೆ ಕಾಫಿ ಹೊಟ್ಟನ್ನು ಒತ್ತಿ ಮುಚ್ಚಿದರೆ ಉರಿ ಏಳದೆ, ಹೊಗೆಯೂ ಅಷ್ಟಿಲ್ಲದೆ ಬೆಳಗಿನವರೆಗೆ ಒಳಗೊಳಗೇ ಕಾದಿರುತ್ತಿತ್ತು. ಅದನ್ನು ಹಲಗೆಯಿಂದ ದೂರ, ಮೂರು ಕಲ್ಲಿನ ಮೇಲೆ ಇಟ್ಟು, ಮೇಲೊಂದು ತಂತಿ ಬುಟ್ಟಿ ಕವುಚಿ ಬರುತ್ತಿದ್ದಳು. ನಿನ್ನೆ ಸಂಜೆ ಅವಳು ಮಗಳಿಗೆ ಪಾಠ ಹೇಳಿಕೊಡುತ್ತಿದ್ದಳು. ನಾನೇ ಇಟ್ಟು ಬರುತ್ತೇನೆ ಎಂದು ರಾಜೀವ್ ಬಾಂಡ್ಲಿ ಎತ್ತಿಕೊಂಡ. ಅವನು ಎಂದೂ ಎತ್ತಿಕೊಂಡವನಲ್ಲ. ಅವಳು ತಲೆಯೆತ್ತಿ ನೋಡಿದಳು, ಮತ್ತೆ ಪುಸ್ತಕಕ್ಕೆ ಬಗ್ಗಿದಳು. ಕೊಟ್ಟಿಗೆಯಲ್ಲಿ ಹಲಗೆಯ ತುದಿಗೆ ಆ ಕೆಂಪು ಹುಂಜ ಕೂತಿತ್ತು. ಯಾವಾಗಲೂ ಅದು ಅಲ್ಲೇ, ಪರದೆ ಮುಗಿದು ಗಾಳಿ ನುಗ್ಗುವ ಜಾಗದಲ್ಲಿ, ಉಳಿದವಕ್ಕೆಲ್ಲ ಅಡ್ಡವಾಗಿ ಕೂರುವುದು. ಮಾರನೆಯ ಸಂಜೆ ಅದು ಇರುವುದಿಲ್ಲ, ಹರಕೆಗೆ ಕೊಯ್ದಾಗಿರುತ್ತದೆ. ಕೊನೆಯ ರಾತ್ರಿಯಾದರೂ ಬೆಚ್ಚಗಿರಲಿ ಎಂದು ಅವನು ಬಾಂಡ್ಲಿಯನ್ನು ಹುಂಜದ ಹತ್ತಿರಕ್ಕೆ ಸರಿಸಿದ. ಕಲ್ಲು ಹುಡುಕಲು ಬೇಸರವಾಗಿ ಹೊಟ್ಟಿನ ನಡುವೆ ಸ್ವಲ್ಪ ನೆಲ ಕೆರೆದು ಅಲ್ಲೇ ಇಟ್ಟ. ಬುಟ್ಟಿ ಕವುಚಲಿಲ್ಲ. ಮರೆತನೋ ಬೇಡವೆಂದು ಬಿಟ್ಟನೋ ಎಂಬುದು ಈಗ, ಬಾಗಿಲು ತೆಗೆದು ಹುಂಜವನ್ನು ನೋಡುತ್ತ ನಿಂತಾಗ, ಅವನಿಗೆ ನಿಜವಾಗಿಯೂ ಗೊತ್ತಾಗಲಿಲ್ಲ.

ಹುಂಜ ಒಂದು ಕಾಲೆತ್ತಿಕೊಂಡು ನಿಂತಿತ್ತು. ನಸುಕಿಗೆ ಎಲ್ಲಕ್ಕಿಂತ ಮೊದಲು ಇಳಿಯುವುದು ಅದೇ, ಇಳಿದದ್ದು ಬಾಂಡ್ಲಿಗೆ. ಕೆಳಗೆಲ್ಲ ಹೊಟ್ಟು, ಬಾಂಡ್ಲಿಯ ಮೇಲೂ ಹೊಟ್ಟು. ಅದಕ್ಕೆ ನೆಲ ಯಾವುದು ಕೆಂಡ ಯಾವುದು ಎಂದು ಹೇಗೆ ತಿಳಿಯಬೇಕು. ಹೊಟ್ಟಿನ ನಡುವೆ ಹೆಜ್ಜೆ ಕುಸಿದ ಗುಂಡಿ ಇತ್ತು, ಅದರೊಳಗೆ ಕೆಂಪಗೆ ಕೆಂಡ ಇನ್ನೂ ಉಸಿರಾಡುತ್ತಿತ್ತು. ರಾಜೀವ್ ಹುಂಜವನ್ನು ಹಿಡಿದು ಕಾಲು ನೋಡಿದ. ಬಲಗಾಲಿನ ನಡುಬೆರಳು ತುದಿಯಿಂದ ಅರ್ಧದವರೆಗೆ ಕಪ್ಪಾಗಿ, ಉಗುರು ಸುರುಟಿಹೋಗಿತ್ತು. ಸುಟ್ಟ ಪುಕ್ಕದ ವಾಸನೆ. ಅವನ ಎದೆಯಲ್ಲಿ ಮೊದಲು ಎದ್ದದ್ದು ಅಯ್ಯೋ ಅಲ್ಲ; ಬಾಗಿಲೊಂದು ತೆರೆದ ಹಾಗೆ, ಏನೋ ಹಗುರ. ಅದಕ್ಕೇ ಅವನಿಗೆ ಭಯವಾಯಿತು.

ಯಾಕೆಂದರೆ ಹರಕೆಯ ಹುಂಜಕ್ಕೆ ಊನವಿರಬಾರದು. ಒಂದು ಉಗುರು ಹೋಗಿದ್ದರೂ ಗುಡ್ಡದ ಬನದಲ್ಲಿ ಮನೆತನವನ್ನು ಕಾಯುವ ಭೂತ ಅದನ್ನು ಮುಟ್ಟುವುದಿಲ್ಲ. ಕತ್ತಿ ಎತ್ತುವ ಮೊದಲು ಬನದ ಪೂಜೆ ಮಾಡುವ ಮಂಜಯ್ಯ ದೊಡ್ಡಪ್ಪ ಹುಂಜದ ಕಾಲಿಗೆ ನೀರು ಬಿಟ್ಟು, ಊನ ಉಂಟಾ ಎಂದು ಕೇಳುತ್ತಾರೆ; ಹಿಡಿದ ಮನೆಯವನು ಉಂಟು ಅಥವಾ ಇಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಉಂಟು ಎಂದರೆ ಭೂತ ತಾನಾಗಿಯೇ ಬಿಟ್ಟುಕೊಟ್ಟಿತು ಎಂದು ಅರ್ಥ. ಕಾಯಿ ಒಡೆದರೆ ಹರಕೆ ಸಂದಿತು. ಆ ಹುಂಜವನ್ನು ಮತ್ತೆ ಯಾರೂ ಮುಟ್ಟುವ ಹಾಗಿಲ್ಲ, ಬದುಕಿದಷ್ಟು ದಿನ ಬದುಕಿಕೊಂಡಿರುತ್ತದೆ. ಅಪ್ಪನಿದ್ದಾಗ ಮುಂಗುಸಿ ಕಚ್ಚಿ ಬೆರಳು ಕಳೆದುಕೊಂಡಿದ್ದ ಒಂದು ಹುಂಜ ಹಾಗೆ ಉಳಿದು, ಮುದಿಯಾಗಿ, ಜಗಲಿಯ ಮೇಲೆಲ್ಲ ಹಿಕ್ಕೆ ಹಾಕಿಕೊಂಡು, ಯಾರಿಂದಲೂ ಗದರಿಸಿಕೊಳ್ಳದೆ ಓಡಾಡುತ್ತಿದ್ದುದು ಅವನಿಗೆ ನೆನಪಿದೆ. ಈಗ ದೊಡ್ಡಪ್ಪನಿಗೆ ಪೊರೆ ಬಂದು ಕಣ್ಣು ಸರಿ ಕಾಣುವುದಿಲ್ಲ. ಮನೆಯವನ ಮಾತೇ ಸಾಕು. ಉಂಟು ಎನ್ನುವ ಒಂದು ಮಾತು.

ಹರಕೆ ಹೊತ್ತದ್ದು ಅಮ್ಮ ವಸಂತಮ್ಮ. ಜುಲೈನಲ್ಲಿ ಮಗಳು ಧನ್ಯಾಳಿಗೆ ಜ್ವರ ಬಂದು, ಇಳಿಯದೆ, ಹುಡುಗಿ ಗೋಡೆಯ ಕಡೆ ನೋಡಿ ಯಾರ ಜೊತೆಗೋ ಮಾತಾಡಲು ಶುರುಮಾಡಿದಾಗ ಜೀಪು ಮಾಡಿಕೊಂಡು ಆಸ್ಪತ್ರೆಗೆ ಹೊರಟಿದ್ದರು. ಜೀಪಿಗೆ ಕಾಲಿಡುವ ಮುನ್ನ ವಸಂತಮ್ಮ ಬನದ ದಿಕ್ಕಿಗೆ ತಿರುಗಿ, ಮಗು ಎದ್ದು ಓಡಾಡಿದರೆ ಮನೆಯಲ್ಲೇ ಹುಟ್ಟಿದ ಕೆಂಪು ಹುಂಜ ನಿನಗೆ ಎಂದು ಸೆರಗೊಡ್ಡಿದಳು. ಅಂಗಡಿಯ ಕೋಳಿ ಅದಕ್ಕಾಗುವುದಿಲ್ಲ, ಮನೆಯದೇ ಆಗಬೇಕು. ಮನೆಯಲ್ಲಿದ್ದವೆಲ್ಲ ಸೌಮ್ಯ ಸಾಕಿದವೇ. ಅಮ್ಮ ಸೊಸೆಯ ಮುಖ ನೋಡಿದಳು. ಮಗುವನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು ಜೀಪಿನೊಳಗೆ ಕೂತಿದ್ದ ಸೌಮ್ಯ ತಲೆ ಆಡಿಸಿದಳೋ, ಜೀಪು ಅಲುಗಿದ್ದಕ್ಕೆ ತಲೆ ಅಲುಗಿತೋ. ಅವಳು ಒಪ್ಪಿದ್ದಳು ಎಂದು ಆರು ತಿಂಗಳಿಂದ ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಒಂದು ದಿನವಾದರೂ ಅವಳನ್ನು ಕೇಳಿಲ್ಲ. ಅವಳೂ ಕೊಟ್ಟ ಮಾತನ್ನು ಎತ್ತಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು, ನಿನಗೆ ಮಗಳಿಗಿಂತ ಕೋಳಿ ಹೆಚ್ಚಾ ಎಂದು ಕೇಳಬಹುದಿತ್ತು. ಆ ಮಾತನ್ನು ತಯಾರು ಮಾಡಿ ನಾಲಿಗೆಯ ಕೆಳಗೆ ಇಟ್ಟುಕೊಂಡೇ ಅವನು ಮಳೆಗಾಲ ಕಳೆದ, ಕಾಫಿ ಹಣ್ಣಿನ ಕೊಯ್ಲು ಶುರುಮಾಡಿದ. ಅವಳು ಅವಕಾಶವನ್ನೇ ಕೊಡಲಿಲ್ಲ.

ಹುಂಜವನ್ನು ಬುಟ್ಟಿಯಡಿ ಕವುಚಿ, ಬಾಂಡ್ಲಿಯ ಕೆಂಡಕ್ಕೆ ನೀರು ಹಾಕಿ ಒಳಗೆ ಬಂದಾಗ ಅಮ್ಮ ಒಲೆಯ ಮುಂದೆ ಕೂತು ಕಾಫಿ ಸೋಸುತ್ತಿದ್ದಳು. ಬಾಳೆಲೆ, ಅಡಿಕೆ, ಹೊದಳು ಎಲ್ಲ ಮಧ್ಯಾಹ್ನದೊಳಗೆ ತಂದಿಡಬೇಕು, ಸೂರ್ಯ ಗುಡ್ಡದ ಹಿಂದೆ ಹೋಗುವುದರೊಳಗೆ ಬನದಲ್ಲಿರಬೇಕು, ಕುದುರೆಮುಖದಿಂದ ವೆಂಕಟೇಶ ಬರುತ್ತಾನೆ ಎಂದೆಲ್ಲ ಹೇಳಿದಳು. ಅವಳ ದನಿಯಲ್ಲಿ ಗೆಲುವೇನೂ ಇರಲಿಲ್ಲ. ತೀರಿಸಬೇಕಾದ್ದನ್ನು ತೀರಿಸುವ ಆತುರವಷ್ಟೇ. ಈ ಮನೆಗೆ ಸೊಸೆ ಬಂದ ಮೇಲೆ ಹಬ್ಬಕ್ಕೆ ಕೋಳಿ ಬೇಕಾದರೆ ಅಮ್ಮನೇ ಕಳಸದ ಅಂಗಡಿಯಿಂದ ಬಿಳಿ ಕೋಳಿ ತರಿಸುತ್ತ, ಅಂಗಳದಲ್ಲಿ ನಾಟಿಕೋಳಿ ಮೇಯುತ್ತಿರುವಾಗ ಎಲೆಗೆ ಹತ್ತಿಯಂಥ ಮಾಂಸ ಬಡಿಸುತ್ತಾರೆ ಎಂದು ನೆಂಟರು ಆಡಿಕೊಳ್ಳುವುದನ್ನು ಕೇಳಿಸಿಕೊಳ್ಳುತ್ತ ಬಂದವಳು. ಅವಳಿಗೂ ಒಂದು ಸಲ, ದೇವರ ಕೆಲಸಕ್ಕಾದರೂ ಒಂದು ಸಲ, ತನ್ನ ಮನೆಯದನ್ನು ತಾನು ಕೊಡುವ ಹಕ್ಕಿಲ್ಲವೇ. ಹೀಗೆ ಅಮ್ಮನ ಪರವಾಗಿ ವಾದಿಸುತ್ತ ಅವನು ಕಾಫಿ ಕುಡಿದ. ನಾಲಿಗೆ ಸುಟ್ಟಿತು. ಧನ್ಯಾ ಎರಡು ಜಡೆ ಹಾಕಿಸಿಕೊಂಡು ಶಾಲೆಗೆ ಹೊರಟವಳು ಅವನ ಪಕ್ಕದಲ್ಲಿ ನಿಂತು, ಜಡೆಯ ತುದಿಯ ರಿಬ್ಬನ್ನು ಸರಿಮಾಡಿಕೊಳ್ಳುತ್ತ, ಏನೋ ಲೆಕ್ಕ ಕೇಳುವ ಹಾಗೆ ಕೇಳಿದಳು.

"ನನ್ ಬದ್ಲು ಅದು ಹೋಗೋದಾ ಅಪ್ಪ?"

ಅಜ್ಜಿ ಹೇಳಿಕೊಟ್ಟಿದ್ದಿರಬೇಕು. ಹಾಗೆಲ್ಲ ಏನಿಲ್ಲ, ಬಸ್ಸು ತಪ್ಪುತ್ತೆ ಹೋಗು ಎಂದ. ಅವಳು ಹೋದಳು, ಗೇಟಿನ ಹತ್ತಿರ ನಿಂತು ಕೊಟ್ಟಿಗೆಯ ಕಡೆ ಒಮ್ಮೆ ನೋಡಿ. ಒಂಬತ್ತು ವರ್ಷದ ಹುಡುಗಿಯ ಸಪೂರ ಕತ್ತು, ಎರಡು ಜಡೆಗಳ ನಡುವಿನ ಬಿಳಿ ಬೈತಲೆ. ಜ್ವರದಲ್ಲಿ ಆ ಕತ್ತು ಅವನ ಅಂಗೈಯಲ್ಲಿ ಕೆಂಡದಂತೆ ಸುಡುತ್ತಿತ್ತು. ಆಗ ಅವನೂ ಹರಕೆ ಹೊತ್ತಿದ್ದ, ಯಾರಿಗೂ ಕೇಳಿಸದಂತೆ. ಹುಂಜವಲ್ಲ, ಏನು ಬೇಕಾದರೂ ತೆಗೆದುಕೋ ಎಂದಿದ್ದ. ಏನು ಬೇಕಾದರೂ ಎಂದವನಿಗೆ ಈಗ ಕೋಳಿಯ ಬೆರಳಿನ ಹಿಂದೆ ಬಚ್ಚಿಟ್ಟುಕೊಳ್ಳುವ ಮನಸ್ಸು. ಮತ್ತೆ ಜ್ವರ ಬಂದರೆ? ಬರುವುದಿಲ್ಲ, ಊನವಾದರೆ ಭೂತವೇ ಬಿಟ್ಟುಕೊಟ್ಟ ಹಾಗೆ, ಇದು ದೊಡ್ಡಪ್ಪನೇ ಹೇಳುವ ಮಾತು. ಆದರೆ ಊನವನ್ನು ಮಾಡಿದವನು ಮನೆಯವನೇ ಆದರೆ? ಅದಕ್ಕೆ ದೊಡ್ಡಪ್ಪ ಏನು ಹೇಳುತ್ತಾರೋ ಯಾರಿಗೂ ಗೊತ್ತಿರಲಿಲ್ಲ, ಅಂಥದ್ದು ಯಾರೂ ಮಾಡಿರಲಿಲ್ಲ.

ಕಣದಲ್ಲಿ ಮಂಜು ಸರಿದು ಬಿಸಿಲು ಬಿದ್ದಿತ್ತು. ಒಣಹಾಕಿದ್ದ ಕಾಫಿ ಹಣ್ಣಿನ ಮೇಲೆ ಮುಚ್ಚಿದ್ದ ಟಾರ್ಪಾಲು ಇಬ್ಬನಿಗೆ ತೊಯ್ದು ಭಾರವಾಗಿತ್ತು. ಮಡಿಸಿ, ಹಣ್ಣನ್ನು ಕೈಯಾಡಿಸಲು ನಿಂತ. ಕೊಯ್ಲಿಗೆ ಬಂದಿದ್ದ ಪಾಪಮ್ಮ ಬುಟ್ಟಿ ಸೊಂಟಕ್ಕೆ ಕಟ್ಟಿಕೊಳ್ಳುತ್ತ, ಅಯ್ಯೋರ ಮನೆ ಕೋಳಿಗೆ ಬಾಂಡ್ಲಿ ಬೆಂಕಿಯಂತೆ, ನಮ್ಮ ಕೂಲಿ ಲೈನಿಗೂ ಒಂದು ಕಳಿಸಿ ಎಂದು ಉಳಿದ ಹೆಂಗಸರನ್ನು ನಗಿಸಿದಳು. ಅವನೂ ನಕ್ಕ. ನಕ್ಕಾಗ ಮುಖ ಯಾವ ಆಕಾರಕ್ಕೆ ತಿರುಗುತ್ತದೆ ಎಂದು ಅವನಿಗೆ ಒಳಗಿನಿಂದಲೇ ಗೊತ್ತಾಯಿತು. ವಸ್ತಾರೆಯ ಅಂಗಡಿಯಲ್ಲಿ ಅಂದು ನಕ್ಕದ್ದೂ ಹೀಗೇ. ಮದುವೆಯಾಗಿ ವರ್ಷವಾದ ಮೇಲೆ ಮಾವ ಕರಗಿಯಾರು ಎಂದು ಒಂದು ಗೊನೆ ಬಾಳೆಹಣ್ಣು ಹೊತ್ತು ಒಬ್ಬನೇ ಹೋಗಿದ್ದ. ಮಾವ ಜಯದೇವಪ್ಪನವರು ಗಲ್ಲಾದ ಹಿಂದೆ ವಿಭೂತಿ ಧರಿಸಿ ಕೂತಿದ್ದರು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ಅವನ ಹಿಂದೆ ಬಂದವರಿಗೆಲ್ಲ ಸಕ್ಕರೆ, ಬೇಳೆ ತೂಗಿ ಕೊಟ್ಟರು, ಅವನು ಗೊನೆ ಹಿಡಿದುಕೊಂಡು ನಗುತ್ತ ನಿಂತೇ ಇದ್ದ. ಕೊನೆಗೆ ಗೊನೆಯನ್ನು ಮೆಟ್ಟಿಲ ಮೇಲಿಟ್ಟು ಬಂದ. ಸೌಮ್ಯಳಿಗೆ, ನಿಮ್ಮಪ್ಪ ಆರಾಮಿದ್ದಾರೆ ಎಂದಷ್ಟೇ ಹೇಳಿದ್ದ. ಎರಡೂ ಕಡೆಯವರ ಮುಂದೆ ನಗುತ್ತ ನಿಲ್ಲುವುದೇ ಬದುಕಾಯಿತೇನೋ ಎಂದುಕೊಂಡು, ಕಣದ ಹಣ್ಣನ್ನು ಎಳೆದದ್ದನ್ನೇ ಮತ್ತೆ ಎಳೆಯುತ್ತಿದ್ದ. ಪಾಪಮ್ಮ ಹೋಗಿ ಬಹಳ ಹೊತ್ತಾಗಿತ್ತು.

ಮಧ್ಯಾಹ್ನದ ಬಸ್ಸಿಗೆ ವೆಂಕಟೇಶ ಬಂದಿಳಿದ. ಮಂಜಯ್ಯ ದೊಡ್ಡಪ್ಪನ ಮಗ, ಕುದುರೆಮುಖದ ಗಣಿ ಕಂಪನಿಯಲ್ಲಿ ಕೆಲಸ. ಗಣಿ ಮುಚ್ಚುತ್ತಾರಂತೆ ಎಂಬ ಸುದ್ದಿ ಓಡಾಡಲು ಶುರುವಾದ ಮೇಲೆ ಅವನ ಹಾಸ್ಯ ಇನ್ನಷ್ಟು ಜೋರಾಗಿತ್ತು. ಜಗಲಿಯಲ್ಲಿ ಕೂತು, ಕ್ವಾರ್ಟರ್ಸು ಖಾಲಿಮಾಡಿಸಿದರೆ ರಾಜೀವನ ಕೊಟ್ಟಿಗೆಗೇ ಬಂದಿರುತ್ತೇನೆ, ಅಲ್ಲಿ ಹಲಗೆ ಉಂಟು, ಪರದೆ ಉಂಟು, ಹೀಟರ್ ಉಂಟು ಎಂದ. ಅಮ್ಮ ಕೂಡ ನಕ್ಕಳು. ಆಮೇಲೆ ಅವನು ದನಿ ತಗ್ಗಿಸಿ, ಸೌಮ್ಯ ಇರುವ ಅಡುಗೆಮನೆಯ ಕಡೆಗೊಮ್ಮೆ ನೋಡಿ ಹೇಳಿದ.

"ಅಂತೂ ಕಾಯಿಪಲ್ಯದ ಗೌಡನ ಮನೇಲಿ ಇವತ್ತು ರಕ್ತ ಬೀಳ್ತದೆ ಅನ್ನು. ಪರ್ಮಿಶನ್ ಆಯ್ತಾ ಮಾರಾಯ?"

ಆ ಹೆಸರು ನೆಂಟರಲ್ಲಿ ಅವನ ಬೆನ್ನ ಹಿಂದೆ ನಡೆಯುತ್ತಿತ್ತೆಂದು ಅವನಿಗೆ ಗೊತ್ತಿತ್ತು. ಎದುರಿಗೆ ಕೇಳಿದ್ದು ಇದೇ ಮೊದಲು. ಎದ್ದು ಹೋಗಿ ಬಾಳೆಲೆ ಕೊಯ್ದ, ಕೊಯ್ದ ಎಲೆ ಹರಿದಿತ್ತು, ಬೇರೆ ಕೊಯ್ದ. ಈಗಲೇ ಹೇಳಿಬಿಡಬಹುದು, ಕಾಲು ಸುಟ್ಟಿದೆ ಎಂದು. ಹೇಳಿದರೆ ಹೆಂಗೆ ಸುಟ್ಟಿತು ಎಂದು ಕೇಳುತ್ತಾರೆ. ಬಾಂಡ್ಲಿ ಎನ್ನಬೇಕು. ಬಾಂಡ್ಲಿ ಇಡುವವಳು ಸೌಮ್ಯ ಎಂದು ಊರಿಗೆಲ್ಲ ಗೊತ್ತು. ಲಿಂಗಾಯತರ ಹುಡುಗಿ ಬೇಕೆಂದೇ ಭೂತದ ಹುಂಜದ ಕಾಲು ಸುಟ್ಟಳು ಎನ್ನುತ್ತಾರೆ, ನಾಳೆ ಮಗುವಿಗೆ ಶೀತವಾದರೂ ಅವಳ ತಲೆಗೇ ಬರುತ್ತದೆ. ಈ ಯೋಚನೆ ಬಂದದ್ದೇ ಅವನಿಗೆ ಒಂದು ಊರುಗೋಲು ಸಿಕ್ಕಿದಂತಾಯಿತು. ಸುಮ್ಮನಿದ್ದರೆ ಅವಳನ್ನು ಕಾಪಾಡಿದಂತೆ. ಅವಳಿಗೋಸ್ಕರವೇ ಸುಮ್ಮನಿರಬೇಕು. ಹರಿಯದ ಎಲೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಅವನು ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡ.

ಕೊಟ್ಟಿಗೆಗೆ ಹೋದಾಗ ಸೌಮ್ಯ ಅಲ್ಲಿದ್ದಳು. ಬುಟ್ಟಿ ಮಗುಚಿ ಹಾಕಿ, ಹುಂಜವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸುಟ್ಟ ಬೆರಳಿಗೆ ತಣ್ಣೀರಿನ ಬಟ್ಟೆ ಒತ್ತುತ್ತಿದ್ದಳು. ಅದು ಕಣ್ಣು ಮುಚ್ಚಿ ತೆರೆದು ಮಾಡುತ್ತಿತ್ತು. ಕೊಲ್ಲಲು ಒಯ್ಯುವುದಕ್ಕೆ ಮದ್ದು ಯಾಕೆ ಎಂದು ಅವನಿಗನ್ನಿಸಿತು. ಬಾಂಡ್ಲಿ ಎಲ್ಲಿತ್ತು, ಬುಟ್ಟಿ ಎಲ್ಲಿತ್ತು ಎಂದು ಅವಳು ನೋಡಿದ್ದಳು ಎಂಬುದು ಅವಳು ಕೂತ ರೀತಿಯಲ್ಲೇ ತಿಳಿಯಿತು. ಬೈಯುತ್ತಾಳೆ ಎಂದುಕೊಂಡ. ಅವಳ ಮುಖದಲ್ಲಿ ಇದ್ದದ್ದು ಬೈಗುಳವಲ್ಲ, ಬಹಳ ವರ್ಷಗಳಿಂದ ಅವನು ನೋಡದಿದ್ದ ಒಂದು ಎಳೆತನ, ಆ ಹೋಟೆಲಿನ ಮೂಲೆಯ ಟೇಬಲ್ಲಿನ ಮುಖ.

"ಇದ್ರ ಕಾಲು ನೋಡಿದ್ರಾ?"

ನೋಡಿದೆ ಎಂದ.

"ಹಂಗಾರೆ ದೊಡ್ಡಪ್ಪ ಕೇಳ್ದಾಗ ಹೇಳಿ. ಅಷ್ಟೇ ಅಲ್ದಾ, ಕಾಯಿ ಒಡೆದ್ರೆ ಮುಗೀತು. ನಿಮ್ಮನೆ ಹರಕೇನೂ ತೀರ್ತು."

ಜನ ನಿನ್ನನ್ನೇ ಅನ್ನುತ್ತಾರೆ ಎಂದು ಅವನು ತನ್ನ ಊರುಗೋಲನ್ನು ಮುಂದೆ ಮಾಡಿದ. ನೀನು ಬೇಕಂತಲೇ ಮಾಡಿದ್ದು ಎಂದು ವೆಂಕಟೇಶ ಸಂಸೆಯಿಂದ ಕುದುರೆಮುಖದವರೆಗೆ ಹೇಳಿಕೊಂಡು ಹೋಗುತ್ತಾನೆ ಎಂದ. ಹೇಳುತ್ತ ಅವನ ದನಿ ಅವನಿಗೇ ಕಾಳಜಿಯದ್ದಾಗಿ ಕೇಳಿಸಿತು. ಸೌಮ್ಯ ಬಟ್ಟೆಯನ್ನು ನೀರಿಗದ್ದಿ ಹಿಂಡಿದಳು.

"ನಾನೇ ಮಾಡ್ದೆ ಅಂತ ಹೇಳಿ ಬೇಕಾದ್ರೆ. ನಂಗೆ ಎಂತ ಆಗ್ಬೇಕು. ನೀವು ಉಂಟು ಅನ್ನಿ, ಸಾಕು."

ಅವಳು ಹುಂಜವನ್ನು ಎತ್ತಿ ಅವನ ಕೈಗೆ ಕೊಟ್ಟಳು. ಒದ್ದೆ ಬೆರಳು ಅವನ ಅಂಗೈಗೆ ತಣ್ಣಗೆ ತಾಗಿತು, ಆದರೆ ಕಾಲು ಬೆಚ್ಚಗಿತ್ತು, ರೆಕ್ಕೆಯ ಕೆಳಗೆ ಮೈ ಇನ್ನೂ ಬೆಚ್ಚಗಿತ್ತು. ಹೇಳುತ್ತೇನೆ ಎಂದನೇ? ತಲೆ ಆಡಿಸಿದ್ದ. ಜೀಪಿನಲ್ಲಿ ಅವಳು ಆಡಿಸಿದ ಹಾಗೆ, ಎಂದು ಬನದ ದಾರಿ ಹತ್ತುವಾಗ ಅವನು ಯೋಚಿಸಿದ. ಅವಳು ಬನಕ್ಕೆ ಬರಲಿಲ್ಲ, ಎಂದೂ ಬರುವುದಿಲ್ಲ. ಅಮ್ಮ ಮಂಡಿ ಹಿಡಿದುಕೊಂಡು ನಿಧಾನ ಹತ್ತುತ್ತಿದ್ದಳು, ವೆಂಕಟೇಶ ಬುಟ್ಟಿ ಹೊತ್ತು ಮುಂದೆ ನಡೆದಿದ್ದ. ರಾಜೀವ್‌ನ ಕಂಕುಳಲ್ಲಿ ಹುಂಜ ತಲೆಯನ್ನು ಅತ್ತಿತ್ತ ತಿರುಗಿಸಿ, ತಾನು ಎಂದೂ ಬಂದಿರದ ಮರಗಳನ್ನು ನೋಡುತ್ತಿತ್ತು. ನಾಲ್ಕು ಮಾತು ಅವನು ಬಾಯೊಳಗೇ ಆಡಿ ನೋಡಿದ. ಉಂಟು ದೊಡ್ಡಪ್ಪ. ಊನ ಉಂಟು. ಬೆರಳು ಸುಟ್ಟಿದೆ. ನಾನೇ ಕೆಂಡ ಇಟ್ಟಿದ್ದೆ. ಮೂರನೆಯದರವರೆಗೆ ಸರಾಗವಾಗಿ ಬರುತ್ತಿತ್ತು. ನಾಲ್ಕನೆಯದಕ್ಕೆ ಬಂದಾಗ ಪಾಪಮ್ಮ ನಕ್ಕದ್ದು ಕೇಳಿಸುತ್ತಿತ್ತು. ಕೋಳಿಗೆ ಚಳಿಯಾಗುತ್ತದೆಂದು, ಕೊಯ್ಯುವ ಮುಂಚಿನ ದಿನ, ಗಂಡಸು ಕೆಂಡ ಇಟ್ಟನಂತೆ.

ಬನದಲ್ಲಿ ಮಂಜಯ್ಯ ದೊಡ್ಡಪ್ಪ ಮೊದಲೇ ಬಂದು ಕಲ್ಲು ತೊಳೆದು ಹೂ ಇಟ್ಟಿದ್ದರು. ಒಬ್ಬರೇ ಇರುತ್ತಾರೆ ಎಂದುಕೊಂಡಿದ್ದ. ಆಚೆಮನೆಯ ಇಬ್ಬರು ಮೂವರು ಗಂಡಸರು, ಹರಕೆಯೂಟದ ಪಾಲಿಗೆ ಬಂದವರು, ಅಂಗಿಯ ತೋಳು ಮಡಿಸಿ ಮರಕ್ಕೊರಗಿ ನಿಂತಿದ್ದರು. ಬಿಸಿಲು ಗುಡ್ಡದ ತುದಿಯಲ್ಲಿತ್ತು, ಕೆಳಗೆ ಆಗಲೇ ಚಳಿ. ದೊಡ್ಡಪ್ಪ ಹುಂಜದ ತಲೆಗೆ ಅರಿಶಿನ ಹಚ್ಚಿದರು. ವಸಂತಮ್ಮ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು, ಅವಳ ತುಟಿಯಲ್ಲಿ ಧನ್ಯಾಳ ಹೆಸರು ಬಂದುಹೋಯಿತು. ಕಾಲು ಮುಂದೆ ಹಿಡಿ ಎಂದರು ದೊಡ್ಡಪ್ಪ. ರಾಜೀವ್ ಹುಂಜದ ಎರಡೂ ಕಾಲನ್ನು ಒಂದೇ ಕೈಯಲ್ಲಿ ಹಿಡಿದು ಚಾಚಿದ. ಹಾಗೆ ಹಿಡಿಯುವಾಗ ಬಲಗಾಲಿನ ನಡುಬೆರಳು ಅವನ ಮುಷ್ಟಿಯೊಳಗೆ ಹೋಯಿತು. ತಾನಾಗಿ ಹೋಯಿತು ಎಂದು ಹೇಳುವ ಹಾಗಿರಲಿಲ್ಲ. ಅವನ ಹೆಬ್ಬೆರಳು ಅದನ್ನು ಹುಡುಕಿ ಮುಚ್ಚಿತ್ತು. ದೊಡ್ಡಪ್ಪ ಕಂಚಿನ ತಂಬಿಗೆಯಿಂದ ನೀರು ಬಿಟ್ಟರು, ನೀರು ಅವನ ಬೆರಳ ಸಂದಿಯಿಂದ ಇಳಿಯಿತು. ಪೊರೆ ಕಟ್ಟಿದ ಕಣ್ಣನ್ನು ಅವನ ಮುಖದ ಕಡೆ ಎತ್ತಿ, ಮೃದುವಾಗಿ, ಮಗುವಿನ ಹತ್ತಿರ ಕೇಳುವ ಹಾಗೆ ಕೇಳಿದರು.

"ಊನ ಉಂಟಾ ಮಗ?"

ಹುಂಜದ ಎದೆ ಅವನ ಮುಂಗೈಗೆ ಬಡಿಯುತ್ತಿತ್ತು. ವೆಂಕಟೇಶ ಕತ್ತಿಯನ್ನು ಸೊಪ್ಪಿನಲ್ಲಿ ಒರೆಸುತ್ತ ಅವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಸುಮ್ಮನೆ ಕಾಯುತ್ತಿದ್ದ, ಬೇಗ ಮುಗಿದರೆ ಮನೆಗೆ ಹೋಗಬಹುದು ಎಂಬಂತೆ. ಇದನ್ನು ಬಿಟ್ಟರೂ ಇನ್ನೊಂದಕ್ಕೆ ಇನ್ನೊಂದು ದಿನ ಯಾರೋ ಹರಕೆ ಹೊರುತ್ತಾರೆ, ಅದೂ ಅವಳದೇ ಆಗಿರುತ್ತದೆ, ಎಷ್ಟಕ್ಕೆಂದು ಕೆಂಡ ಇಡಲಾದೀತು. ಮಗುವಿಗೇನಾದರೂ ಆದರೆ. ಅಮ್ಮ ಇಷ್ಟು ಎತ್ತರ ಹತ್ತಿ ಬಂದಿದ್ದಾಳೆ. ಒಂದೊಂದೇ ಕಾರಣ ಮುಂದೆ ಬಂದು ನಿಂತು, ತಾನು ಸಾಲದೆಂದು ಪಕ್ಕಕ್ಕೆ ಸರಿಯಿತು. ಕೊನೆಗೆ ಉಳಿದದ್ದು ಮರಕ್ಕೊರಗಿದ್ದ ಆ ಗಂಡಸರು ಮಾತ್ರ, ಅವರ ಹೆಸರುಗಳೂ ಅವನಿಗೆ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ.

"ಇಲ್ಲ ದೊಡ್ಡಪ್ಪ" ಎಂದ.

ಸ್ಪಷ್ಟವಾಗಿಯೇ ಹೇಳಿದ್ದ. ಅವನ ದನಿ ನಡುಗಿದ್ದರೆ ಆಮೇಲೆ ಏನಾದರೂ ಹೇಳಿಕೊಳ್ಳಬಹುದಿತ್ತು. ವೆಂಕಟೇಶ ಹುಂಜವನ್ನು ತೆಗೆದುಕೊಂಡ. ಆಮೇಲಿನದು ಬೇಗ ಮುಗಿಯಿತು. ಬುಟ್ಟಿಗೆ ಹಾಕುವಾಗ ಸುಟ್ಟ ಬೆರಳು ಎಲ್ಲರಿಗೂ ಕಾಣುವ ಹಾಗೆ ಮೇಲಕ್ಕೆ ಚಾಚಿಕೊಂಡಿತ್ತು. ವೆಂಕಟೇಶ ಅದನ್ನು ನೋಡಿದ, ರಾಜೀವನನ್ನು ನೋಡಿದ, ಎಲೆ ಮುಚ್ಚಿದ. ತಮಾಷೆ ಮಾಡಲಿಲ್ಲ. ಇಳಿಯುವ ದಾರಿಯುದ್ದಕ್ಕೂ ಅವನು ಏನಾದರೂ ಅನ್ನಲಿ ಎಂದು ರಾಜೀವ್ ಕಾದ. ಅವನು ಅಮ್ಮನ ಕೈಹಿಡಿದು, ನಿಧಾನ ಚಿಕ್ಕಮ್ಮ, ಇಲ್ಲಿ ಕಲ್ಲು ಜಾರುತ್ತೆ ಎನ್ನುತ್ತ ನಡೆದ.

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಅಮ್ಮ ಹೊರಗಿನ ಒಲೆ ಹಚ್ಚಲು ಹೋದಳು. ಶಾಲೆಯಿಂದ ಬಂದ ಧನ್ಯಾ ಜಗಲಿಯಲ್ಲಿ ಕೂತು ಎಲೆ ಮುಚ್ಚಿದ ಬುಟ್ಟಿಯನ್ನೂ ಅಪ್ಪನನ್ನೂ ನೋಡಿ, ಎದ್ದು ಒಳಗೆ ಹೋದಳು. ಸೌಮ್ಯ ಕೊಟ್ಟಿಗೆಯಲ್ಲಿ ಗೋಣಿಯ ಪರದೆ ಇಳಿಬಿಡುತ್ತಿದ್ದಳು. ಅವನ ಖಾಲಿ ಕೈ ನೋಡಿದಳು.

"ಕೇಳಿದ್ರಾ ದೊಡ್ಡಪ್ಪ?"

"ಕೇಳಿದ್ರು."

"ಎಂತ ಅಂದ್ರಿ?"

ಊನ ಇಲ್ಲ ಅಂದೆ ಎಂದ. ಅವಳು ಪರದೆಯ ಒಂದು ತುದಿಯನ್ನು ಹಗ್ಗಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅವನ ಕಡೆ ಚಾಚಿ, ಹಿಡ್ಕೊಳಿ ಎಂದಳು. ಅವನು ಹಿಡಿದುಕೊಂಡ. ಅವಳು ಗಂಟು ಹಾಕಿ, ಮೇಲ್ಗಡೆ ಒಂದು ಗೇಣು ಬಿಟ್ಟು, ಇನ್ನೊಂದು ಗಂಟು ಹಾಕಿದಳು. ಕೋಳಿಗಳು ಒಂದೊಂದಾಗಿ ಹಾರಿ ಹಲಗೆಗೆ ಬಂದವು. ಗಾಳಿ ಬರುವ ತುದಿಗೆ ಒಂದು ಕರಿ ಹೇಂಟೆ, ಸ್ವಲ್ಪ ಹೊತ್ತು ಅನುಮಾನಿಸಿ, ಸರಿದು ಕೂತಿತು. ಸೌಮ್ಯ ಎಂದಿನಂತೆ ಸಾಲಿನ ಕಾಲುಗಳನ್ನು ಮುಟ್ಟಿ ನೋಡಲು ಕೈ ಚಾಚಿದವಳು ಕೈ ಹಿಂದಕ್ಕೆಳೆದುಕೊಂಡು ಸೆರಗಿಗೆ ಒರೆಸಿಕೊಂಡಳು. ನಾಳೆಯಿಂದ ಕಾಳು ಅತ್ತೆಯೇ ಹಾಕಲಿ, ಅವರಿಗೆ ತಿಳಿಸಿಬಿಡಿ ಎಂದು ಅವನಿಗೆ ಹೇಳಿ, ಬಾಂಡ್ಲಿ ತೆಗೆದುಕೊಂಡು ಬಚ್ಚಲೊಲೆಯ ಕಡೆ ನಡೆದಳು.

ಚಿಕ್ಕಮಗಳೂರಿನಲ್ಲಿ ಕೊಟ್ಟಿದ್ದ ಮಾತನ್ನು ರಾಜೀವ್ ಉಳಿಸಿಕೊಳ್ಳಲಿಲ್ಲ.